ಭರಣಿಯೊಳಗಿನ ಮುರುಗಲು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಅನೇಕ ಮನೆಗಳಲ್ಲಿ ಮೇ ತಿಂಗಳೆಂದರೆ ಅಂಗಳದ ಬಿಸಿಲಿಗೆ ಭರಣಿಗಳು ಬರುವ ಕಾಲ. ಮುರುಗಲು ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿಡುತ್ತಾರೆ. ಬಾಯಿಗೆ ತೆಳುಬಟ್ಟೆ ಕಟ್ಟುತ್ತಾರೆ. ಕೆಲವು ದಿನಗಳಲ್ಲಿ ಸಕ್ಕರೆ ಕರಗಿ ಕಡುಗೆಂಪು ರಸ ಮೇಲೇರುತ್ತದೆ. ಆಗ ಮನೆಯ ಅಜ್ಜಿ ಒಣ ಸೌಟು ಇಳಿಸಿ, ಎರಡು ಹನಿ ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಾಳೆ. ಯಾವುದು ಮುಂದಿನ ಬೇಸಿಗೆವರೆಗೆ ನಿಂತೀತು, ಯಾವುದನ್ನು ಈಗಲೇ ಪಾನಕ ಮಾಡಿ ಮುಗಿಸಬೇಕು ಎಂಬುದು ಅಲ್ಲೇ ತೀರ್ಮಾನ. ತಪ್ಪಿದರೆ ಹಣ್ಣಿನ ಜೊತೆ ಕಿಲೋಗಟ್ಟಲೆ ಸಕ್ಕರೆಯೂ ಹೋದಂತೆ.

ಮಳೆ ಬೇಗ ಬಂದ ವರ್ಷ ಈ ಕೆಲಸ ಕಷ್ಟ. ಮಳೆಗೆ ಮೊದಲು ಕೊಯ್ದ ಹಣ್ಣಿನದೊಂದು ಭರಣಿ, ಮಳೆ ಬಿದ್ದ ಮೇಲೆ ಹೆಕ್ಕಿದ್ದರದು ಇನ್ನೊಂದು. ಮರ ಒಂದೇ, ಸಕ್ಕರೆಯ ಅಳತೆಯೂ ಒಂದೇ. ಆದರೂ ಎರಡನೆಯದು ನಾಲಿಗೆಗೆ ಪೇಲವ, ಬೆರಳಿಗೆ ಅಂಟೂ ಕಡಿಮೆ.

ಕಾರಣ ಶಾಲೆಯ ಪಾಠದಲ್ಲಿಯೇ ಇದೆ. ಸಕ್ಕರೆ ಸಿಪ್ಪೆಯ ಜೀವಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ, ಇದು ಅಭಿಸರಣೆ. ರಸದಲ್ಲಿ ಸಕ್ಕರೆ ಶೇಕಡಾ 65ರ ಆಸುಪಾಸಿನಲ್ಲಿದ್ದರೆ ಯೀಸ್ಟ್‌ಗಳಲ್ಲಿ ಹೆಚ್ಚಿನವು ಬೆಳೆಯಲಾರವು, ಅವುಗಳ ನೀರನ್ನೂ ಸಕ್ಕರೆ ಎಳೆದುಬಿಡುತ್ತದೆ. ನೀರು ತುಂಬಿದ ಹಣ್ಣು ಆ ಪ್ರಮಾಣವನ್ನು ಇಳಿಸುತ್ತದೆ. ಆಮೇಲೆ ನೊರೆ, ಗುಳ್ಳೆ, ಹೆಂಡದಂಥ ವಾಸನೆ. ಅಂದರೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡತೊಡಗಿದೆ. ಇಂಥ ರಸವನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಬಾಟಲಿಯೇ ಸಿಡಿದೀತು, ಜೋಕೆ.

ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರಿಗೂ ಕೊಯ್ಲಿನ ಹೊತ್ತಿನ ಮಳೆಯೆಂದರೆ ಇದೇ ಚಿಂತೆ. ಅಲ್ಲಿಯೂ ಎಳೆಯ ವೈನನ್ನು ಪೀಪಾಯಿಯಿಂದ ಎತ್ತಿ ರುಚಿ ನೋಡಿಯೇ ಅದರ ಮುಂದಿನ ಗತಿ ಊಹಿಸುತ್ತಾರೆ. ಸಿಹಿ ಸಾಲದ ದ್ರಾಕ್ಷಿರಸಕ್ಕೆ ಸಕ್ಕರೆ ಬೆರೆಸುವ ಕ್ರಮವನ್ನು ಪ್ರಚಾರಕ್ಕೆ ತಂದವನು ರಸಾಯನ ವಿಜ್ಞಾನಿ ಶಾಪ್ತಾಲ್. 1801ರಲ್ಲಿ ಅವನ ಪುಸ್ತಕ ಬಂತು. ಇಂದಿಗೂ ಆ ಕ್ರಮಕ್ಕೆ ಅವನದೇ ಹೆಸರು. ನಮ್ಮ ಅಜ್ಜಿಯಂದಿರು ಅವನ ಹೆಸರು ಕೇಳಿದವರಲ್ಲ, ಪೇಲವ ಭರಣಿಗೆ ಅವರೂ ಇನ್ನೆರಡು ಹಿಡಿ ಸಕ್ಕರೆ ಸುರಿಯುತ್ತಾರೆ. ಆದರೆ ಉದ್ದೇಶ ತೀರಾ ವಿರುದ್ಧ. ಅಲ್ಲಿ ಸಕ್ಕರೆ ಯೀಸ್ಟ್‌ಗೆ ಊಟ, ಇಲ್ಲಿ ಅದಕ್ಕೆ ಉಪವಾಸ!

ಪೇಲವ ರಸಕ್ಕೆ ಅಂಗಡಿಯ ಬಣ್ಣ ಸೇರಿಸುವವರೂ ಇದ್ದಾರೆ. ಬಣ್ಣದಿಂದ ರಸ ಬಾಳುವುದಿಲ್ಲ. ಮುರುಗಲಿನ ಸ್ವಂತ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಮಕ್ಕಳು ನಾಲ್ಕು ಹನಿ ರಸವನ್ನು ಒಂದು ಲೋಟ ನೀರಿಗೆ ಹಾಕಿ, ಚಿಟಿಕೆ ಅಡಿಗೆ ಸೋಡಾ ಉದುರಿಸಲಿ. ಆಮ್ಲ ಕಳೆದುಕೊಂಡ ಕೆಂಪು, ನೀಲಿ ಛಾಯೆಗೆ ತಿರುಗುವುದು ಕಾಣುತ್ತದೆ. ಸೌಟು ಮಾತ್ರ ಒಣಗಿರಲಿ. ಒದ್ದೆ ಸೌಟನ್ನು ಭರಣಿಗಿಳಿಸಿದರೆ ಅಜ್ಜಿ ಬಿಟ್ಟಾರೆಯೇ?