ಪತ್ರದೊಳಗಿನ ಚಿತ್ರ ಹೊರಗೇಕೆ ಬಂತು?

ಇ-ಮೇಲ್ ಪತ್ರದ ನಡುವೆ ಒಂದು ನಕ್ಷೆಯನ್ನೋ ಛಾಯಾಚಿತ್ರವನ್ನೋ ಇರಿಸಿ ಕಳುಹಿಸುವುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗೂ ಪರಿಚಿತವಾದ ಕೆಲಸ. ಆದರೆ ಕಳುಹಿಸಿದವನ ಪರದೆಯ ಮೇಲೆ ಎರಡು ವಾಕ್ಯಗಳ ನಡುವೆ ಅಚ್ಚುಕಟ್ಟಾಗಿ ಕುಳಿತಿದ್ದ ಚಿತ್ರವು ಪಡೆದವನ ಪರದೆಯಲ್ಲಿ ತನ್ನ ಸ್ಥಾನವನ್ನು ಬಿಟ್ಟು, ಪತ್ರದ ಕೊನೆಯಲ್ಲಿ ಲಗತ್ತಾಗಿ ಕಾಣಿಸಿಕೊಳ್ಳುವುದುಂಟು. ‘ಕೆಳಗಿನ ಚಿತ್ರವನ್ನು ನೋಡಿ’ ಎಂಬ ವಾಕ್ಯದ ಕೆಳಗೆ ಚಿತ್ರವೇ ಇರುವುದಿಲ್ಲ. ಆಗ ‘ಇದು ಕಂಪ್ಯೂಟರಿನ ಚೇಷ್ಟೆ’ ಎಂದು ಕೈಚೆಲ್ಲಿ ಕುಳಿತುಕೊಳ್ಳುವುದು, ಇಲ್ಲವೇ ಅದೇ ಪತ್ರವನ್ನು ಮತ್ತೆ ಮತ್ತೆ ಕಳುಹಿಸುವುದು ವಾಡಿಕೆಯಾಗಿದೆ. ವಿಜ್ಞಾನದ ವಿದ್ಯಾರ್ಥಿಗೆ ಇವೆರಡೂ ಶೋಭಿಸುವ ಮಾರ್ಗಗಳಲ್ಲ. ಈ ದೋಷಕ್ಕೆ ಕಾರಣಗಳುಂಟು. ಅವನ್ನು ಊಹಿಸಬೇಕಾಗಿಲ್ಲ, ಪರೀಕ್ಷಿಸಿ ತಿಳಿಯಬಹುದು.

ಮೊದಲು ಇ-ಮೇಲಿನ ಹುಟ್ಟುಗುಣವನ್ನು ಅರಿಯಬೇಕು. 1982ರಲ್ಲಿ ಪ್ರಕಟವಾದ ಅದರ ನಿಯಮಗಳು ಬರಿಯ ಅಕ್ಷರಗಳಿಗಾಗಿ ರಚಿತವಾದವು. ‘ಆಸ್ಕಿ’ ಎಂಬ ಪದ್ಧತಿಯ 128 ಸಂಕೇತಗಳೇ ಅದರ ಬಂಡವಾಳ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು, ಇಷ್ಟಕ್ಕೆ ಅದು ಮುಗಿಯಿತು. ಅಲ್ಲಿ ಚಿತ್ರಕ್ಕೂ ಎಡೆಯಿರಲಿಲ್ಲ, ಕನ್ನಡಕ್ಕೂ ಎಡೆಯಿರಲಿಲ್ಲ. 1992ರಲ್ಲಿ ನೇಥನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ‘ಮೈಮ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಇವರು ಹಳೆಯ ಅಂಚೆಯನ್ನು ಕೆಡವಲಿಲ್ಲ. ಚಿತ್ರವನ್ನೇ ಅಕ್ಷರಗಳಾಗಿ ಬರೆದು ಹಳೆಯ ದಾರಿಯಲ್ಲಿಯೇ ಸಾಗಿಸಿದರು. ಹೀಗೆ ಬರೆಯುವ ‘ಬೇಸ್64’ ಎಂಬ ಕ್ರಮವು ಚಿತ್ರದ ಪ್ರತಿ 3 ಬೈಟುಗಳನ್ನು 4 ಅಕ್ಷರಗಳನ್ನಾಗಿ ಮಾಡುತ್ತದೆ. ಆದುದರಿಂದಲೇ ಪತ್ರದಲ್ಲಿ ಸಾಗುವ ಚಿತ್ರದ ಗಾತ್ರವು ಮೂರರಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ.

ಹೀಗಿರುವಾಗ ಚಿತ್ರವು ಪತ್ರದ ‘ಒಳಗಿದೆ’ ಎಂಬುದು ಕಣ್ಣಿನ ಭ್ರಮೆ ಮಾತ್ರ. ಪತ್ರವೆಂಬುದು ಹಲವು ಭಾಗಗಳುಳ್ಳ ಒಂದು ಕಟ್ಟು. ಪಠ್ಯ ಒಂದು ಭಾಗ, ಚಿತ್ರ ಇನ್ನೊಂದು ಭಾಗ. ಇವೆರಡನ್ನು ಕೂಡಿಸುವುದು ಮೂರು ಗುರುತುಗಳು. ಕಟ್ಟಿನ ಮೇಲೆ ‘ಮಲ್ಟಿಪಾರ್ಟ್/ರಿಲೇಟೆಡ್’ ಎಂದಿದ್ದರೆ ಭಾಗಗಳು ಒಂದಕ್ಕೊಂದು ಸಂಬಂಧಪಟ್ಟವು ಎಂದರ್ಥ. ‘ಮಲ್ಟಿಪಾರ್ಟ್/ಮಿಕ್ಸೆಡ್’ ಎಂದಿದ್ದರೆ ಅವು ಬಿಡಿಬಿಡಿ ವಸ್ತುಗಳು. ಎರಡನೆಯದಾಗಿ, ಚಿತ್ರದ ಚೀಟಿಯಲ್ಲಿ ‘ಇನ್‌ಲೈನ್’ ಎಂದಿದ್ದರೆ ಸ್ಥಳದಲ್ಲಿಯೇ ತೋರಿಸು ಎಂದೂ, ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಪ್ರತ್ಯೇಕವಾಗಿಡು ಎಂದೂ ಸೂಚನೆ. ಮೂರನೆಯದು ‘ಕಂಟೆಂಟ್-ಐಡಿ’, ಅಂದರೆ ಚಿತ್ರದ ಹೆಸರು. ಎಚ್‌ಟಿಎಂಎಲ್ ರೂಪದ ಪಠ್ಯವು ‘ಸಿಐಡಿ’ ಎಂಬ ಮಾತಿನೊಡನೆ ಈ ಹೆಸರನ್ನು ಹಿಡಿದು ಚಿತ್ರವನ್ನು ಕರೆಯುತ್ತದೆ.

ಈ ಮೂರನ್ನು ತಿಳಿದವನಿಗೆ ದೋಷವು ಒಗಟಾಗಿ ಉಳಿಯದು. ಕರೆದ ಹೆಸರಿಗೂ ಇಟ್ಟ ಹೆಸರಿಗೂ ಒಂದಕ್ಷರದ ಭೇದವಿದ್ದರೆ ಪಠ್ಯದಲ್ಲಿ ಬರಿಯ ಚೌಕಟ್ಟೂ ಕೊನೆಯಲ್ಲಿ ಲಗತ್ತೂ ಕಾಣುತ್ತವೆ. ಸ್ವಂತ ಪ್ರೋಗ್ರಾಂ ಬರೆದು ಪತ್ರ ಕಳುಹಿಸುವ ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು: ಚಿತ್ರದ ಚೀಟಿಯಲ್ಲಿ ಹೆಸರನ್ನು ಕೋನಾವರಣದೊಳಗೆ ಬರೆಯಬೇಕು, ಪಠ್ಯದಲ್ಲಿ ಆವರಣವಿಲ್ಲದೆ ಬರೆಯಬೇಕು. ಪಡೆದವನು ಪತ್ರವನ್ನು ಸಾದಾ ಪಠ್ಯವಾಗಿ ಓದುತ್ತಿದ್ದರೆ ಚಿತ್ರವನ್ನು ಕೂರಿಸಲು ಸ್ಥಳವೇ ಇಲ್ಲ, ಅದು ಲಗತ್ತಾಗಲೇಬೇಕು. ಔಟ್‌ಲುಕ್ ತಂತ್ರಾಂಶದ ‘ರಿಚ್ ಟೆಕ್ಸ್ಟ್’ ರೂಪದಲ್ಲಿ ಕಳುಹಿಸಿದ ಪತ್ರವು ಬೇರೆ ತಂತ್ರಾಂಶಗಳಲ್ಲಿ ‘ವಿನ್‌ಮೇಲ್.ಡಾಟ್’ ಎಂಬ ಅರ್ಥವಾಗದ ಲಗತ್ತಾಗಿ ಬರಬಹುದು. ಎಚ್‌ಟಿಎಂಎಲ್ ರೂಪವನ್ನು ಆರಿಸಿಕೊಂಡರೆ ಈ ತೊಡಕು ನೀಗುತ್ತದೆ.

ಇವುಗಳಲ್ಲಿ ಯಾವುದು ನಿಜವಾದ ಕಾರಣವೆಂದು ತಿಳಿಯಲು ಪ್ರಯೋಗಶಾಲೆಯ ಕ್ರಮವೇ ಸಾಕು. ಒಂದೇ ಪತ್ರವನ್ನು ಎರಡು ಬೇರೆ ತಂತ್ರಾಂಶಗಳಲ್ಲಿ ತೆರೆದು ನೋಡಿ. ಎರಡರಲ್ಲಿಯೂ ಚಿತ್ರ ಹೊರಗಿದ್ದರೆ ಕಳುಹಿಸಿದ ಕಡೆಯನ್ನು ಮೊದಲು ಶಂಕಿಸಬೇಕು. ಒಂದರಲ್ಲಿ ಮಾತ್ರ ಹೊರಗಿದ್ದರೆ ಆ ತಂತ್ರಾಂಶದ ಏರ್ಪಾಡನ್ನು ಪರೀಕ್ಷಿಸಬೇಕು. ಬಳಿಕ ಪತ್ರದ ಮೂಲರೂಪವನ್ನು ತೆರೆಯಿರಿ. ಜಿಮೇಲಿನಲ್ಲಿ ‘ಶೋ ಒರಿಜಿನಲ್’, ಥಂಡರ್‌ಬರ್ಡಿನಲ್ಲಿ ‘ಮೆಸೇಜ್ ಸೋರ್ಸ್’ ಎಂಬ ಆಯ್ಕೆಗಳು ಇದಕ್ಕಾಗಿಯೇ ಇವೆ. ಮೇಲೆ ಹೇಳಿದ ಮೂರು ಗುರುತುಗಳೂ ಅಲ್ಲಿ ಬರಿಗಣ್ಣಿಗೆ ಕಾಣುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಿದರೆ ಕಾರಣವು ತಾನಾಗಿ ಬೇರ್ಪಡುತ್ತದೆ.

‘ಇಷ್ಟೆಲ್ಲ ಶ್ರಮವೇಕೆ? ಚಿತ್ರವು ಎಲ್ಲೆಡೆಯೂ ಒಂದೇ ರೀತಿ ಕಾಣುವಂತೆ ಕಟ್ಟುನಿಟ್ಟು ಮಾಡಬಾರದೆ?’ ಎಂದು ಕೆಲವರು ಕೇಳಬಹುದು. ಈ ಬೇಡಿಕೆ ನಮಗೆ ಸಮ್ಮತವಲ್ಲ. ಯಾರು ರಚಿಸಿದ ತಂತ್ರಾಂಶದಿಂದಲಾದರೂ ಪತ್ರ ಬರೆಯಬಹುದು, ಯಾವುದರಿಂದಲಾದರೂ ಓದಬಹುದು ಎಂಬುದೇ ಇ-ಮೇಲಿನ ಹಿರಿಮೆ. ಸುರಕ್ಷತೆಗಾಗಿ ಸಾದಾ ಪಠ್ಯವನ್ನೇ ಬಯಸುವವನಿಗೆ ಆ ಸ್ವಾತಂತ್ರ್ಯವಿರಬೇಕು. ‘ಇನ್‌ಲೈನ್’ ಎಂಬುದು ಕಳುಹಿಸುವವನ ಕೋರಿಕೆ. ಪಡೆಯುವವನ ಮೇಲೆ ಅದು ಆಜ್ಞೆಯಾಗಲಾರದು.

ಆದುದರಿಂದ ಹೊಣೆಯು ಬರೆಯುವವನ ಮೇಲೆಯೇ ಬೀಳುತ್ತದೆ. ಚಿತ್ರವು ಸ್ಥಾನ ತಪ್ಪಿದರೂ ಪತ್ರದ ಅರ್ಥ ಕೆಡದಂತೆ ಬರೆಯಬೇಕು. ‘ಕೆಳಗಿನ ಚಿತ್ರ’ ಎನ್ನುವ ಬದಲು ಚಿತ್ರಕ್ಕೆ ಸಂಖ್ಯೆಯನ್ನೂ ಕಡತಕ್ಕೆ ಅದೇ ಹೆಸರನ್ನೂ ಕೊಟ್ಟರೆ ಓದುಗನು ಹುಡುಕಿಕೊಂಡಾನು. ಸಹಿಯ ಕೆಳಗಿಡುವ ಲಾಂಛನಗಳನ್ನು ಕೈಬಿಡುವುದು ಲೇಸು. ಉತ್ತರ ಪ್ರತ್ಯುತ್ತರಗಳಲ್ಲಿ ಅವು ಲಗತ್ತುಗಳಾಗಿ ಗುಂಪುಗೂಡಿದಾಗ ನಿಜವಾದ ಲಗತ್ತು ಅವುಗಳ ನಡುವೆ ಮರೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕನ್ನಡದ ಬರವಣಿಗೆ. ಪರೀಕ್ಷೆಯ ದಿನಾಂಕವನ್ನೋ ಸಭೆಯ ಸೂಚನೆಯನ್ನೋ ಕನ್ನಡದಲ್ಲಿ ಅಚ್ಚುಹಾಕಿ, ಅದರ ಚಿತ್ರ ತೆಗೆದು ಪತ್ರದಲ್ಲಿರಿಸುವ ಅಭ್ಯಾಸ ಇನ್ನೂ ಅಳಿದಿಲ್ಲ. ಆ ಚಿತ್ರವು ಜಾರಿದರೆ ಪತ್ರದಲ್ಲಿ ಉಳಿಯುವುದೇನು? ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶವು ಅಕ್ಷರವನ್ನು ಓದುವಷ್ಟು ಸುಲಭವಾಗಿ ಚಿತ್ರವನ್ನು ಓದಲಾರದು. ಪತ್ರಗಳ ರಾಶಿಯಲ್ಲಿ ಹುಡುಕುವಾಗಲೂ ಅಂಥ ಸೂಚನೆ ಕೈಗೆ ಸಿಗುವುದು ಕಷ್ಟ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆಸ್ಕಿಯ ಆಚೆಗಿನ ಲಿಪಿಗಳನ್ನು ಪತ್ರದಲ್ಲಿ ಸಾಗಿಸುವ ಮಾರ್ಗವನ್ನು ಮೈಮ್ ತೆರೆಯಿತು. ಕನ್ನಡವು ಅಕ್ಷರವಾಗಿಯೇ ಪ್ರಯಾಣ ಮಾಡಬಲ್ಲುದಾಗಿರುವಾಗ ಅದನ್ನು ಚಿತ್ರದ ವೇಷದಲ್ಲಿ ಕಳುಹಿಸುವುದೇಕೆ? ಹೇಳಬೇಕಾದ ಮಾತು ಅಕ್ಷರದಲ್ಲಿರಲಿ. ಮಾತಿನಿಂದ ಹೇಳಲಾಗದುದು ಮಾತ್ರ ಚಿತ್ರದಲ್ಲಿರಲಿ.