ಊರಿನ ಬಾರಿಗೆ ಊರಿನ ಒಪ್ಪಿಗೆ ಬೇಡವೇ?

ಗಡಿನಾಡಿನ ಕನ್ನಡಿಗರಾದ ನಾವು ಹಲವು ರಾಜ್ಯಗಳಲ್ಲಿ ಹಂಚಿಹೋಗಿದ್ದರೂ ಪಠ್ಯಪುಸ್ತಕದ ಕೊರತೆ, ಶಿಕ್ಷಕರ ನೇಮಕ, ಕನ್ನಡ ಅರಿಯದ ಅಧಿಕಾರಿ ಇವೇ ಮೊದಲಾದ ವಿಷಯಗಳಲ್ಲಿ ನಮ್ಮ ಅನುಭವ ಬಹುಮಟ್ಟಿಗೆ ಒಂದೇ ಆಗಿದೆ. ಒಂದು ವಿಷಯದಲ್ಲಿ ಮಾತ್ರ ಜತ್ತ ತಾಲೂಕಿನ ಕನ್ನಡಿಗನಿಗಿರುವ ಹಕ್ಕು ಕಾಸರಗೋಡಿನ ಕನ್ನಡಿಗನಿಗಿಲ್ಲ. ತಾಳವಾಡಿಯವನಿಗೂ ಮಡಕಶಿರಾದವನಿಗೂ ಇಲ್ಲ. ತನ್ನ ಊರಿನಲ್ಲಿ ಮದ್ಯದಂಗಡಿ ಇರಬೇಕೋ ಬೇಡವೋ ಎಂಬುದನ್ನು ಊರವರೇ ಮತ ಹಾಕಿ ತೀರ್ಮಾನಿಸುವ ಹಕ್ಕು ಅದು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಈ ವ್ಯತ್ಯಾಸ ತಿಳಿದಿರಬೇಕು. ಹಕ್ಕು ಇರುವಲ್ಲಿ ಅದು ಏಕೆ ಕೈಗೆ ಸಿಗುತ್ತಿಲ್ಲ ಎಂಬುದೂ ತಿಳಿದಿರಬೇಕು.

ಮೊದಲಿಗೆ ಸಂವಿಧಾನದ ನಿಲುವನ್ನು ನೋಡೋಣ. ಔಷಧದ ಉದ್ದೇಶವನ್ನು ಬಿಟ್ಟು ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು 47ನೆಯ ವಿಧಿ ಹೇಳುತ್ತದೆ. ಇದು ನಿರ್ದೇಶಕ ತತ್ತ್ವವಾದುದರಿಂದ ನ್ಯಾಯಾಲಯದ ಮೂಲಕ ಜಾರಿಗೊಳಿಸುವಂಥದಲ್ಲ. ಆದರೆ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1995ರ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪರವಾನಗಿ ಎಂಬುದು ಸರಕಾರ ಕೊಡುವ ಅನುಮತಿಯೇ ಹೊರತು ವ್ಯಾಪಾರಿಯು ಹುಟ್ಟಿನಿಂದ ಪಡೆದು ಬಂದ ಸ್ವತ್ತಲ್ಲ. ಹಾಗಿರುವಾಗ ಆ ಅನುಮತಿಯನ್ನು ಕೊಡುವ ಮುನ್ನ ಊರವರನ್ನು ಕೇಳಬೇಕೇ ಎಂಬುದೊಂದೇ ಉಳಿಯುವ ಪ್ರಶ್ನೆ.

ಕೇಳಲು ಸರಕಾರಗಳು ಹಿಂಜರಿಯುವುದಕ್ಕೆ ಕಾರಣ ಗುಟ್ಟಿನದೇನಲ್ಲ. ಕುಡಿಯುವ ಮದ್ಯವನ್ನು ಜಿ.ಎಸ್.ಟಿ.ಯಿಂದ ಹೊರಗಿಡಲಾಗಿದೆ. ತೆರಿಗೆಯ ದರವನ್ನು ರಾಜ್ಯವು ತಾನೇ ನಿರ್ಧರಿಸಬಹುದಾದ ಕೆಲವೇ ಬಾಬತ್ತುಗಳಲ್ಲಿ ಅದೂ ಒಂದು. ಸುಂಕವು ರಾಜ್ಯದ ಬೊಕ್ಕಸಕ್ಕೆ ಸಲ್ಲುತ್ತದೆ. ಸಂಜೆಯ ಜಗಳ, ಒಡೆದ ಬಾಟಲಿ, ಮನೆಗೆ ಬಾರದ ಕೂಲಿ ಇವೆಲ್ಲ ಊರಿನ ಪಾಲಿಗೆ ಉಳಿಯುತ್ತವೆ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗುವ ವ್ಯವಹಾರದಲ್ಲಿ ನಷ್ಟ ಹೊರುವವರ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ರಾಜ್ಯವಾರು ನೋಡುವುದು ಉಚಿತ.

ಕಾಸರಗೋಡು: ಇದ್ದುದು ಹೋಯಿತು

ಕೇರಳದಲ್ಲಿ ಈ ಹಕ್ಕು ಒಂದು ಕಾಲಕ್ಕೆ ಇತ್ತು. 1994ರ ಪಂಚಾಯತ್ ರಾಜ್ ಕಾಯ್ದೆಯ 232ನೆಯ ಕಲಮು ಮತ್ತು ಪುರಸಭಾ ಕಾಯ್ದೆಯ 447ನೆಯ ಕಲಮುಗಳ ಅನ್ವಯ ಮದ್ಯದಂಗಡಿ ತೆರೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಅಗತ್ಯವಾಗಿತ್ತು. 2014ರಲ್ಲಿ ಅಂದಿನ ಯು.ಡಿ.ಎಫ್. ಸರಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನೀತಿಯನ್ನು ತಂದಿತು. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅನಂತರ ಬಂದ ಎಲ್.ಡಿ.ಎಫ್. ಸರಕಾರ 2017ರಲ್ಲಿ ನೀತಿಯನ್ನು ಬದಲಿಸಿ ಮೂರು ತಾರೆ ಮತ್ತು ಅದಕ್ಕೆ ಮೇಲ್ಪಟ್ಟ ಹೋಟೆಲುಗಳಿಗೆ ಬಾರ್ ಪರವಾನಗಿಯನ್ನು ಮರಳಿ ಕೊಡಲು ನಿರ್ಧರಿಸಿತು. ಅದೇ ವರ್ಷ ಸುಗ್ರೀವಾಜ್ಞೆಯ ಮೂಲಕ ಸ್ಥಳೀಯ ಸಂಸ್ಥೆಗಳ ಅನುಮತಿಯ ಅಗತ್ಯವನ್ನೂ ತೆಗೆದುಹಾಕಿತು.

ಈ ಕ್ರಮಕ್ಕೆ ಪರವಾದ ವಾದವೂ ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಪರವಾನಗಿ ಅಬಕಾರಿ ಇಲಾಖೆಯ ಕೆಲಸ, ಅದಕ್ಕೆ ಎರಡು ಬಾಗಿಲು ಏಕೆ ಎಂಬುದು ಒಂದು. ಪಂಚಾಯತಿನ ನಿರಾಕ್ಷೇಪಣ ಪತ್ರವೇ ಕೆಲವು ಸದಸ್ಯರ ಸಂಪಾದನೆಯ ದಾರಿಯಾಗಬಹುದು ಎಂಬುದು ಇನ್ನೊಂದು. ಎರಡನೆಯದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹದಿನೈದು ಇಪ್ಪತ್ತು ಸದಸ್ಯರ ಆಡಳಿತ ಸಮಿತಿಯನ್ನು ಒಲಿಸಿಕೊಳ್ಳುವುದು ಹಣವಂತನಿಗೆ ದೊಡ್ಡ ಮಾತಲ್ಲ. ಆದರೆ ಅದಕ್ಕೆ ಮದ್ದು ಊರಿನ ಬಾಯಿ ಕಟ್ಟುವುದಲ್ಲ. ಸದಸ್ಯರ ಕೈಯಿಂದ ಅಧಿಕಾರವನ್ನು ತೆಗೆದು ಮತದಾರರೆಲ್ಲರ ಕೈಗೆ ಕೊಡುವುದು. ಅಂಥ ಏರ್ಪಾಡು ನೆರೆಯ ಇನ್ನೊಂದು ರಾಜ್ಯದಲ್ಲಿ ಇದೆ.

ತಮಿಳುನಾಡು ಮತ್ತು ಆಂಧ್ರ

ಅದಕ್ಕೆ ಮುನ್ನ ಹೊಸೂರು, ತಾಳವಾಡಿ, ರಾಯದುರ್ಗಗಳ ಕಡೆ ಒಮ್ಮೆ ನೋಡೋಣ. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವು ಟಾಸ್ಮಾಕ್ ಎಂಬ ಸರಕಾರಿ ಸಂಸ್ಥೆಯ ಏಕಸ್ವಾಮ್ಯ. ಅಲ್ಲಿ ಪರವಾನಗಿ ಕೊಡುವ ಸರಕಾರವೇ ಅಂಗಡಿಯ ಒಡೆಯನೂ ಹೌದು. ಶಾಲೆ ಮತ್ತು ಪೂಜಾಸ್ಥಳಗಳಿಂದ ನಗರಗಳಲ್ಲಿ 50 ಮೀಟರ್, ಉಳಿದೆಡೆ 100 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಜನರ ಒತ್ತಾಯ ಹೆಚ್ಚಿದಾಗ ಸರಕಾರ ಮಣಿಯುವುದೂ ಉಂಟು. 2023ರ ಜೂನಿನಲ್ಲಿ 500 ಅಂಗಡಿಗಳನ್ನು ಮುಚ್ಚಲಾಯಿತು. ಆದರೆ ಯಾವುದನ್ನು ಮುಚ್ಚಬೇಕೆಂಬುದನ್ನು ಆರಿಸಿದ್ದು ಸರಕಾರ, ಊರಲ್ಲ.

ಆಂಧ್ರದಲ್ಲಿ 2019ರಲ್ಲಿ ಸರಕಾರ ತನ್ನ ಕೈಗೆ ತೆಗೆದುಕೊಂಡಿದ್ದ ಚಿಲ್ಲರೆ ಮಾರಾಟ 2024ರ ಅಕ್ಟೋಬರಿನಲ್ಲಿ ಮತ್ತೆ ಖಾಸಗಿಯವರಿಗೆ ಹೋಯಿತು. 3,396 ಅಂಗಡಿಗಳನ್ನು ಚೀಟಿ ಎತ್ತಿ ಹಂಚಲಾಯಿತು. ಅರ್ಜಿಯೊಂದಕ್ಕೆ ಹಿಂದಿರುಗಿಸದ 2 ಲಕ್ಷ ರೂಪಾಯಿ ಶುಲ್ಕ. ಅಂಗಡಿ ಯಾರಿಗೆ ಎಂಬುದು ಚೀಟಿಯಲ್ಲಿ ತೀರ್ಮಾನವಾಯಿತು. ಅಂಗಡಿ ಬೇಕೇ ಎಂಬ ಪ್ರಶ್ನೆ ಆ ಡಬ್ಬಿಯಲ್ಲಿ ಇರಲಿಲ್ಲ.

ನಿಂತ ಬಾಟಲಿ, ಮಲಗಿದ ಬಾಟಲಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಓದುಗರಿಗೆ ಈ ಚಿಹ್ನೆಗಳು ಪರಿಚಿತ. 2008ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರಕಾರ ಹೊರಡಿಸಿದ ಆದೇಶದ ಪ್ರಕಾರ ಊರಿನ ಶೇ. 25ರಷ್ಟು ಮತದಾರರು, ಅಥವಾ ಮಹಿಳಾ ಮತದಾರರಲ್ಲಿ ಶೇ. 25ರಷ್ಟು ಮಂದಿ, ಮದ್ಯದಂಗಡಿ ಮುಚ್ಚಬೇಕೆಂದು ಸಹಿ ಮಾಡಿ ಮನವಿ ಸಲ್ಲಿಸಬಹುದು. ಸಹಿಗಳ ಪರಿಶೀಲನೆ ಆದ ಮೇಲೆ ಗುಪ್ತ ಮತದಾನ ನಡೆಯುತ್ತದೆ. ಅಂಗಡಿ ಇರಲಿ ಎನ್ನುವವರಿಗೆ ನಿಂತ ಬಾಟಲಿ, ಮುಚ್ಚಲಿ ಎನ್ನುವವರಿಗೆ ಮಲಗಿದ ಬಾಟಲಿ. ಓದು ಬಾರದವರಿಗೂ ಅರ್ಥವಾಗುವ, ಮರಾಠಿ ಕನ್ನಡಗಳ ಭೇದವಿಲ್ಲದ ಚಿಹ್ನೆಗಳಿವು. ಹೆಂಗಸರೇ ಮನವಿ ಕೊಟ್ಟು ಹೆಂಗಸರೇ ಮತ ಹಾಕಿ ಅಂಗಡಿಯನ್ನು ಮುಚ್ಚಿಸಬಹುದಾದ ಇಂಥ ಏರ್ಪಾಡು ನಮ್ಮ ಗಡಿಯ ಬೇರೆ ರಾಜ್ಯಗಳಲ್ಲಿಲ್ಲ. ಆ ಮಟ್ಟಿಗೆ ಮಹಾರಾಷ್ಟ್ರವನ್ನು ಮೆಚ್ಚಲೇಬೇಕು.

ತೊಡಕಿರುವುದು ಲೆಕ್ಕದಲ್ಲಿ. ಅಂಗಡಿ ಮುಚ್ಚಬೇಕಾದರೆ ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದರೆ ಸಾಲದು. ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಮತ ಹಾಕಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಊರಿನ ಪಟ್ಟಿಯಲ್ಲಿ 1,000 ಮಹಿಳಾ ಮತದಾರರಿದ್ದಾರೆ. ಮನವಿಗೆ 250 ಸಹಿ ಬೇಕು, ಮುಚ್ಚಲು 501 ಮತ ಬೇಕು. ಅವರಲ್ಲಿ 300 ಮಂದಿ ಕಬ್ಬು ಕಡಿಯಲು ಹೋಗಿದ್ದಾರೆ. ಊರಲ್ಲಿ ಉಳಿದ 700 ಮಂದಿಯಲ್ಲಿ 600 ಮಂದಿ ಮತಗಟ್ಟೆಗೆ ಬಂದು, 490 ಮಂದಿ ಮುಚ್ಚಲಿ ಎಂದರು, 110 ಮಂದಿ ಇರಲಿ ಎಂದರು. ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದರೂ ಅಂಗಡಿ ಉಳಿಯುತ್ತದೆ, ಏಕೆಂದರೆ 501 ಆಗಲಿಲ್ಲ. ಊರಲ್ಲಿ ಇಲ್ಲದವರು, ಕಾಯಿಲೆ ಬಿದ್ದವರು, ಮದುವೆಯಾಗಿ ಹೋದರೂ ಪಟ್ಟಿಯಿಂದ ಹೆಸರು ತೆಗೆಯದವರು, ತೀರಿಹೋದರೂ ಪಟ್ಟಿಯಲ್ಲಿ ಉಳಿದವರು ಎಲ್ಲರೂ ನಿಂತ ಬಾಟಲಿಯ ಪಕ್ಷದವರೆಂದೇ ಲೆಕ್ಕ. ಇದೇ ಅಳತೆಯನ್ನು ಸರಪಂಚನ ಚುನಾವಣೆಗೆ ಹಚ್ಚಿದರೆ ಎಷ್ಟು ಊರುಗಳಲ್ಲಿ ಸರಪಂಚರೇ ಇರುತ್ತಿರಲಿಲ್ಲವೋ!

ಜತ್ತ ತಾಲೂಕು ಮಳೆಯ ನೆರಳಿನ ನಾಡು. ಸುಗ್ಗಿ ಮುಗಿದೊಡನೆ ಅಲ್ಲಿಂದ ಸಂಸಾರ ಸಮೇತ ಕಬ್ಬಿನ ಕಾರ್ಖಾನೆಗಳ ಕಡೆಗೆ ವಲಸೆ ಹೋಗುವ ಮನೆಗಳನ್ನು ಬಲ್ಲವರಿಗೆ ಈ ಲೆಕ್ಕದ ತೂಕ ತಿಳಿಯುತ್ತದೆ. ಮದ್ಯದಿಂದ ಹೆಚ್ಚು ನೊಂದವರು ಬಹುಪಾಲು ಇಂಥ ಮನೆಗಳ ಹೆಂಗಸರು. ಮತದಾನದ ದಿನ ಊರಲ್ಲಿ ಇರದವರೂ ಅವರೇ. ಹಕ್ಕು ಕೊಟ್ಟ ನಿಯಮವೇ ಬಡವರ ಗೈರುಹಾಜರಿಯನ್ನು ಅಂಗಡಿಯ ಪರವಾದ ಮತವನ್ನಾಗಿ ಮಾಡಿದೆ. ನಮ್ಮ ದೃಷ್ಟಿಯಲ್ಲಿ ಈ ನಿಯಮದ ದೊಡ್ಡ ಕೊರತೆ ಇದು.

75 ಮೀಟರಿನ ಆಚೆ

ಶಾಲೆಯ ವಿಷಯಕ್ಕೆ ಬರೋಣ. ಮಹಾರಾಷ್ಟ್ರದ ನಿಯಮಗಳಲ್ಲಿ ಶಾಲೆಯಿಂದ 75 ಮೀಟರ್ ಅಂತರದ ನಿಬಂಧನೆಯಿದೆ. ಕರ್ನಾಟಕದಲ್ಲಿ ಅದು 100 ಮೀಟರ್. 75 ಮೀಟರನ್ನು ಮಗುವೊಂದು ಒಂದು ನಿಮಿಷದಲ್ಲಿ ನಡೆದುಬಿಡುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ನಿಯಮವು ಕಟ್ಟಡವನ್ನು ಕಾಯುತ್ತದೆ, ದಾರಿಯನ್ನು ಕಾಯುವುದಿಲ್ಲ. ನಗರದ ಮಗು ಮನೆಯ ಬಾಗಿಲಲ್ಲಿ ಬಸ್ಸು ಹತ್ತಬಹುದು. ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಲ್ಲಿ ಹಲವರು ದೂರದ ವಸ್ತಿಗಳಿಂದ ನಡೆದು ಬರುವವರು, ಏಕೆಂದರೆ ಹತ್ತಿರದ ಶಾಲೆ ಬೇರೆ ಮಾಧ್ಯಮದ್ದು. ಆ ದಾರಿಯಲ್ಲೊಂದು ಬಾರು ಬಂದಿತೆಂದರೆ, ಮೊದಲು ಸಂಜೆಯ ಪಾಠಕ್ಕೆ ಹೆಣ್ಣುಮಗಳನ್ನು ಕಳುಹಿಸುವುದು ನಿಲ್ಲುತ್ತದೆ. ಮುಂದೆ ಹತ್ತಿರದ ಶಾಲೆಯೇ ಸಾಕು ಎಂಬ ಮಾತು ಮನೆಯಲ್ಲಿ ಏಳುತ್ತದೆ. ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆ ನಿಂತಿರುವ ಕನ್ನಡ ಶಾಲೆಗೆ ನಾಲ್ಕು ಮಕ್ಕಳು ಕಡಿಮೆಯಾಗುವುದು ಸಣ್ಣ ಸಂಗತಿಯಲ್ಲ. ಮದ್ಯದಂಗಡಿಯ ಸ್ಥಳ ಎಂಬುದು ನಮಗೆ ಈ ಕಾರಣದಿಂದ ಶಾಲೆಯ ಉಳಿವಿನ ಪ್ರಶ್ನೆಯೂ ಆಗುತ್ತದೆ.

ಮುಚ್ಚಿದರೆ ಮುಗಿಯಿತೇ?

ಮುಗಿಯುವುದಿಲ್ಲ. ಅಧಿಕೃತ ಅಂಗಡಿ ಮುಚ್ಚಿದ ಊರಿನಲ್ಲಿ ಕಳ್ಳ ಮಾರಾಟ ತಲೆಯೆತ್ತುವುದು ಹೊಸತಲ್ಲ. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತುದನ್ನು ಮರೆಯಲಾಗದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಬಂದ ಪಾನನಿಷೇಧವನ್ನು 2021ರಲ್ಲಿ ಹಿಂತೆಗೆದುಕೊಂಡಾಗ ಸರಕಾರ ಮುಂದೊಡ್ಡಿದ ಕಾರಣಗಳಲ್ಲಿ ಕಳ್ಳ ಮದ್ಯವೂ ಒಂದು. ಗಡಿಯಲ್ಲಿ ಈ ತೊಂದರೆ ಇಮ್ಮಡಿ: ಈಚೆಯ ಊರಿನ ಅಂಗಡಿ ಮುಚ್ಚಿದರೆ ಕುಡಿಯುವವನು ಎರಡು ಮೈಲು ನಡೆದು ಆಚೆಯ ರಾಜ್ಯಕ್ಕೆ ಹೋಗುತ್ತಾನೆ. ಆದುದರಿಂದ ಎಲ್ಲ ಊರಿನಲ್ಲೂ ಮುಚ್ಚಿಸಲೇಬೇಕೆಂಬ ವಾದ ನಮ್ಮದಲ್ಲ. ಒಂದು ಊರು ಯೋಚಿಸಿ ಅಂಗಡಿ ಇರಲಿ ಎಂದರೆ ಅದೂ ಆ ಊರಿನ ತೀರ್ಮಾನವೇ. ಊರನ್ನು ಕೇಳದೆ ತೀರ್ಮಾನಿಸುವುದನ್ನು ಮಾತ್ರ ನಾವು ಒಪ್ಪಲಾರೆವು.

ಓದು ಮತ್ತು ಹಕ್ಕು

ಮದ್ಯದ ವಿರುದ್ಧ ನಮ್ಮ ಭಾಗದಲ್ಲಿ ನಡೆದ ಬಹುದೊಡ್ಡ ಚಳವಳಿ ಒಂದು ಓದಿನ ಪಾಠದಿಂದ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾಕ್ಷರತಾ ಆಂದೋಲನದ ತರಗತಿಗಳಲ್ಲಿ ತಮ್ಮದೇ ಬದುಕಿನಂಥ ಕಥೆಯನ್ನು ತಮ್ಮ ನುಡಿಯಲ್ಲಿ ಓದಿ, ಚರ್ಚಿಸಿ, ತಮ್ಮ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ಕಿಡಿ ರಾಜ್ಯವೆಲ್ಲ ಹಬ್ಬಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧವಾಯಿತು. ಅನಂತರದ ಸಂಪೂರ್ಣ ಪಾನನಿಷೇಧ 1997ರಲ್ಲಿ ಸಡಿಲವಾಯಿತೆಂಬುದು ಬೇರೆ ಮಾತು. ತಾಯ್ನುಡಿಯಲ್ಲಿ ಓದಿದ ವಿಷಯವೇ ಹೆಂಗಸರನ್ನು ಎಬ್ಬಿಸಿತು ಎಂಬುದು ನಮಗೆ ಮುಖ್ಯ.

ಗಡಿನಾಡಿನಲ್ಲಿ ಬಾಟಲಿಯ ಚಿಹ್ನೆ ಎಲ್ಲರಿಗೂ ತಿಳಿಯುತ್ತದೆ. ಆದರೆ ನಿಯಮ, ನೋಟೀಸು, ಗ್ರಾಮಸಭೆಯ ಠರಾವು ಮರಾಠಿಯಲ್ಲಿವೆ. ಸಂವಿಧಾನದ 350ನೆಯ ವಿಧಿಯು ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದೆಂದು ಹೇಳುತ್ತದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣದಿಂದ ತಿರಸ್ಕರಿಸುವಂತಿಲ್ಲ. ಜೊತೆಗೊಂದು ಮರಾಠಿ ಪ್ರತಿ ಇಟ್ಟರೆ ಪರಿಶೀಲನೆ ಬೇಗ ಆದೀತು. ಕೇರಳದಲ್ಲಿಯೂ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ.

ಪಾಲಕರು ಮಾಡಬಹುದಾದ ಕೆಲಸಗಳು ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಮಹಿಳೆಯರು. ದಾರಿಯಲ್ಲಿ ಅಂಗಡಿ ಬರುವ ಸುದ್ದಿ ಕೇಳಿದೊಡನೆ ಆ ಸಮಿತಿಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೂ ಅಬಕಾರಿ ಇಲಾಖೆಗೂ ಕಳುಹಿಸಬೇಕು. ಮಹಾರಾಷ್ಟ್ರದಲ್ಲಿ ಗ್ರಾಮಸಭೆಗೆ ಮುನ್ನ ಮಹಿಳಾ ಗ್ರಾಮಸಭೆ ನಡೆಯಬೇಕೆಂಬ ನಿಯಮವಿದೆ. ಅದು ನಡೆಯುವಂತೆ, ಆಡಿದ ಮಾತು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಮನವಿಗೆ ಮುನ್ನ ಮತದಾರರ ಪಟ್ಟಿಯನ್ನು ಪರಿಷ್ಕರಿಸಲು ಕೇಳಬೇಕು. ತೀರಿಹೋದವರ ಹೆಸರು ಪಟ್ಟಿಯಿಂದ ಹೋದಷ್ಟೂ ಗುರಿ ಹತ್ತಿರವಾಗುತ್ತದೆ. ಮತದಾನದ ದಿನ ಕಬ್ಬಿನ ಹಂಗಾಮಿನ ಹೊರಗೆ ಬರುವಂತೆ ಮನವಿಯ ಸಮಯವನ್ನು ಆರಿಸಿಕೊಳ್ಳಬೇಕು.

ಸರಕಾರಗಳಿಂದ ನಾವು ಕೇಳಬೇಕಾದುದೂ ಸ್ಪಷ್ಟ. ಮಹಾರಾಷ್ಟ್ರವು ಪಟ್ಟಿಯ ಅರ್ಧ ಎಂಬ ಅಳತೆಯನ್ನು ಬಿಟ್ಟು, ಕನಿಷ್ಠ ಮತದಾನದ ಮಿತಿಯೊಂದನ್ನು ಇಟ್ಟು, ಚಲಾವಣೆಯಾದ ಮತಗಳ ಬಹುಮತವನ್ನು ಒಪ್ಪಲಿ. ಕನ್ನಡಿಗರು ಗಣನೀಯವಾಗಿರುವ ತಾಲೂಕುಗಳಲ್ಲಿ ನೋಟೀಸನ್ನು ಕನ್ನಡದಲ್ಲಿಯೂ ಹಚ್ಚಲಿ. ಕೇರಳವು 2017ರಲ್ಲಿ ತೆಗೆದುಕೊಂಡ ಅಧಿಕಾರವನ್ನು ಪಂಚಾಯತಿನ ಆಡಳಿತ ಸಮಿತಿಗಲ್ಲದಿದ್ದರೂ ವಾರ್ಡಿನ ಗ್ರಾಮಸಭೆಗೆ ಮರಳಿಸಲಿ. ತಮಿಳುನಾಡು, ಆಂಧ್ರಗಳು ಅಂಗಡಿಯ ಜಾಗವನ್ನು ಗೊತ್ತುಪಡಿಸುವ ಮುನ್ನ ಒಮ್ಮೆ ಊರನ್ನು ಕೇಳಲಿ. ಈ ಬೇಡಿಕೆಗಳಿಗೆ ಭಾಷೆಯ ಗಡಿಯಿಲ್ಲ. ಪಕ್ಕದ ಮನೆಯ ಮರಾಠಿ, ಮಲೆಯಾಳ, ತಮಿಳು, ತೆಲುಗು ತಾಯಂದಿರ ಬೇಡಿಕೆಯೂ ಇವೇ. ಅವರೊಡನೆ ಕೂಡಿ ಕೇಳಿದರೆ ನಮ್ಮ ಸಹಿಗಳ ಸಂಖ್ಯೆ ಶೇ. 25ನ್ನು ದಾಟುವುದು ಕಷ್ಟವಾಗದು.