ಗ್ಯಾಸ್ ಬಂತು, ಅಡುಗೆಮನೆ ಮಾತ್ರ ಹಳೆಯದೇ

ಇದು ನಮ್ಮ ಮನೆಯಲ್ಲೇ ನಡೆದದ್ದು. ಬೆಳಗಿನ ಜಾವ ಅವ್ವ ಮುದ್ದೆಗೆ ಎಸರಿಡಲು ಸೌದೆ ಒಲೆ ಮುಂದೆ ಕೂತು ಬೆಂಕಿಪೊಟ್ಟಣ ತೆಗೆದಿದ್ದಳು. ಕಡ್ಡಿ ಗೀರುವ ಮೊದಲೇ ಮೂಗಿಗೆ ಗ್ಯಾಸ್ ವಾಸನೆ ಬಡಿಯಿತು. ಹಿಂದಿನ ರಾತ್ರಿ ಹಾಕಿದ್ದ ಹೊಸ ಸಿಲಿಂಡರಿನ ವಾಷರ್ ಸವೆದಿತ್ತು. ಸಿಲಿಂಡರಿಗೂ ಸೌದೆ ಒಲೆಗೂ ನಡುವೆ ಇದ್ದದ್ದು ಎರಡೇ ಮಾರು. ಅವ್ವ ಕಡ್ಡಿ ಕೆಳಗಿಟ್ಟು ಹೊರಗೆ ಬಂದಳು. ಹಾಗಾಗಿ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಇಂಥ ಅವಘಡಗಳ ಸುದ್ದಿಯನ್ನು ನಾನೇ ಎಷ್ಟೋ ಸಲ ಕಳಿಸಿದ್ದೇನೆ. ‘ಸಿಲಿಂಡರ್ ಸ್ಫೋಟ, ಮಹಿಳೆಗೆ ಗಾಯ’ ಅಂತ ನಾಲ್ಕು ಸಾಲು. ಕೊನೆಗೆ ‘ನಿರ್ಲಕ್ಷ್ಯವೇ ಕಾರಣ’ ಅಂತ ಒಂದು ಮಾತು. ಯಾರ ನಿರ್ಲಕ್ಷ್ಯ ಅಂತ ನಾನು ಕೇಳಿರಲಿಲ್ಲ. ಎಷ್ಟೋ ಕಡೆ ಸಿಲಿಂಡರ್ ಸಿಡಿದೇ ಇರುವುದಿಲ್ಲ. ಸೋರಿ ಮನೆಯಲ್ಲಿ ತುಂಬಿಕೊಂಡ ಗ್ಯಾಸ್‌ಗೆ ಬೆಂಕಿ ತಗುಲಿರುತ್ತದೆ.

2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಗ್ಯಾಸ್ ಬಂತು. ಹೊಗೆಯಲ್ಲಿ ಕಣ್ಣು ಕೆಡಿಸಿಕೊಳ್ಳುತ್ತಿದ್ದ ಹೆಂಗಸರಿಗೆ ಅದು ದೊಡ್ಡ ಉಪಕಾರ. ಆದರೆ ಸಿಲಿಂಡರ್ ಬೆಲೆ ನೋಡಿ ಯಾರೂ ಸೌದೆ ಒಲೆ ಕೆಡವಲಿಲ್ಲ. ಟೀ, ಸಾರು ಗ್ಯಾಸ್ ಮೇಲೆ. ಮುದ್ದೆ, ಬಿಸಿನೀರು ಸೌದೆ ಮೇಲೆ. ಎರಡೂ ಒಂದೇ ಕೋಣೆಯಲ್ಲಿ.

ಅಪಾಯ ಇರುವುದು ಇಲ್ಲೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ನಮ್ಮ ಸೌದೆ ಒಲೆ ಇರುವುದೂ ನೆಲದ ಮೇಲೆಯೇ. ಬೂದಿಯೊಳಗಿನ ಒಂದು ಕೆಂಡ ಸಾಕು.

ಆದ್ದರಿಂದ ನನ್ನ ಮೊದಲ ಮಾತು: ಎರಡು ಒಲೆ ಒಂದೇ ಕೋಣೆಯಲ್ಲಿ ಬೇಡ. ಸೌದೆ ಒಲೆಯನ್ನು ಹಿತ್ತಲಿಗೋ ಬಚ್ಚಲ ಕಡೆಗೋ ಒಯ್ಯಿರಿ. ಗ್ಯಾಸ್ ಒಲೆಯನ್ನು ನೆಲದ ಮೇಲಿಡದೆ ಕಟ್ಟೆಯ ಮೇಲಿಡಿ. ಸಿಲಿಂಡರ್ ಒಲೆಗಿಂತ ಕೆಳಗೆ, ನೆಟ್ಟಗೆ ನಿಂತಿರಲಿ.

ಇನ್ನು ಪೈಪ್. ಹಳೇ ರಬ್ಬರ್ ಪೈಪನ್ನು ಇಲಿ ಕಡಿಯುತ್ತದೆ, ಬಿಸಿಗೆ ಬಿರುಕು ಬಿಡುತ್ತದೆ. ಒಳಗೆ ತಂತಿ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿಸಿ. ಅದನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಸೋರುತ್ತಿದೆಯೋ ಇಲ್ಲವೋ ನೋಡಲು ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಕಡ್ಡಿ ಗೀರಿ ನೋಡುವ ದಡ್ಡತನ ಮಾತ್ರ ಬೇಡ.

ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ದೇವರ ದೀಪವನ್ನೂ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ. ಫೋನನ್ನೂ ಹೊರಗೆ ಬಂದ ಮೇಲೆಯೇ ಹಿಡಿಯಿರಿ. ಸಂಖ್ಯೆ 1906.

ಇಷ್ಟೆಲ್ಲ ಮನೆಯವರ ಕೆಲಸ. ಏಜೆನ್ಸಿಯವರ ಕೆಲಸ? ಸಿಲಿಂಡರ್ ಕೊಡುವಾಗ ಸೋರಿಕೆ ಪರೀಕ್ಷಿಸಿ ಕೊಡಬೇಕಾದವರು ಅವರು. ನಮ್ಮೂರಲ್ಲಿ ನಡೆಯುವುದೇ ಬೇರೆ. ಅರಳಿಕಟ್ಟೆ ಹತ್ತಿರ ಟೆಂಪೋ ನಿಂತು ಹಾರ್ನ್ ಹೊಡೆಯುತ್ತದೆ. ನಾವೇ ಓಡಿಹೋಗಿ ಸಿಲಿಂಡರ್ ಉರುಳಿಸಿಕೊಂಡು ಬರುತ್ತೇವೆ. ವಾಷರ್ ನೋಡುವವರೂ ಇಲ್ಲ, ತೂಕ ಹಾಕುವವರೂ ಇಲ್ಲ. ಕನೆಕ್ಷನ್ ಕೊಟ್ಟ ದಿನ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ವಾಸನೆ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಟೆಂಪೋ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನದು ದಿನಗೂಲಿ. ಕೇಳಬೇಕಾದದ್ದು ಏಜೆನ್ಸಿಯನ್ನು. ಮುಂದಿನ ಗ್ರಾಮಸಭೆಯಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಮಾತು ಎತ್ತಿ. ಅವರ ಮೆಕ್ಯಾನಿಕ್ ಊರಿಗೆ ಬಂದು, ಅಡುಗೆಮನೆ ಅಡುಗೆಮನೆ ನೋಡಿ, ಹೆಂಗಸರ ಕೈಯಲ್ಲೇ ರೆಗ್ಯುಲೇಟರ್ ಹಾಕಿಸಿ ತೆಗೆಸಿ ಕಲಿಸಲಿ. ಒಬ್ಬರು ಕೇಳಿದರೆ ‘ನಾಳೆ ಬಾ’ ಅಂತಾರೆ. ಇಡೀ ಊರು ಕೇಳಿದರೆ ಬರುತ್ತಾರೆ.

ನಾವು ನಮ್ಮ ಸೌದೆ ಒಲೆಯನ್ನು ಹಿತ್ತಲಿಗೆ ಹಾಕಿದ್ದೇವೆ. ಮಳೆ ಬಂದರೆ ಕಷ್ಟ ಅಂತ ಅವ್ವ ಗೊಣಗುತ್ತಾಳೆ. ಮೇಲೆ ಎರಡು ತಗಡು ಹೊದಿಸಬೇಕು. ಆ ಖರ್ಚು ಆಸ್ಪತ್ರೆ ಖರ್ಚಿಗಿಂತ ಕಡಿಮೆಯೇ.